ಇದನ್ನ ತಿನ್ನಬಹುದಾ?

ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಅಂತ ಯಾರೋ ಹೇಳಿದ್ದಾರಲ್ಲ, ಅವರು ಬಸವನಗುಡಿಯಲ್ಲಿ ಸಂಸಾರ ಮಾಡಿದವರಲ್ಲ. ನಮ್ಮ ಕಡೆ ಬಿಟ್ಟಿಗಿರುವ ಮರ್ಯಾದೆ ದುಡ್ಡು ಕೊಟ್ಟು ತಂದದ್ದಕ್ಕಿಲ್ಲ. ರಾಮನವಮಿಯ ಪಾನಕ-ಕೋಸಂಬರಿಗೆ ಸಾಲು ನಿಂತಾಗ ಸ್ವಂತ ಮನೆಯವರು, ಬಾಡಿಗೆ ಮನೆಯವರು ಅನ್ನುವ ಭೇದ ಅಳಿಸಿಹೋಗುತ್ತದೆ. ಕಡಲೆಕಾಯಿ ಪರಿಷೆಯಲ್ಲಿ ಕೊಳ್ಳುವುದು ಒಂದು ಸೇರಾದರೆ ರುಚಿ ನೋಡುವ ನೆಪದಲ್ಲಿ ಹೊಟ್ಟೆ ಸೇರುವುದು ಇನ್ನೊಂದು ಸೇರು. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ರಾಮನವಮಿ ಕಛೇರಿ ನಡೆಯುವಾಗ ನೋಡಿ: ಟಿಕೆಟ್ ಕೊಂಡು ಒಳಗೆ ಕೂತವರಿಗೆಷ್ಟು ಸಂಗೀತಜ್ಞಾನವೋ ಹೊರಗೆ ಫುಟ್‌ಪಾತಿನಲ್ಲಿ ಕಡಲೆಪುರಿ ಮೆಲ್ಲುತ್ತಾ ನಿಂತವರಿಗೂ ಅಷ್ಟೇ. ರಾಗವನ್ನು ತಪ್ಪಾಗಿ ಗುರುತಿಸಿ ಪಕ್ಕದವರ ಜೊತೆ ಜಗಳಕ್ಕೆ ನಿಲ್ಲುವ ಹಕ್ಕು ಇಬ್ಬರಿಗೂ ಸಮಾನ.

ಇಂಥ ಊರಿನಲ್ಲಿ ಹಕ್ಕಿ ತೋರಿಸುತ್ತೇವೆ ಬನ್ನಿ, ಮರದ ಹೆಸರು ಹೇಳಿಕೊಡುತ್ತೇವೆ ಬನ್ನಿ, ನಕ್ಷತ್ರ ಸತ್ತರೆ ಏನಾಗುತ್ತದೆ ವಿವರಿಸುತ್ತೇವೆ ಬನ್ನಿ, ಪ್ರವೇಶ ಉಚಿತ, ಎಲ್ಲರಿಗೂ ಆದರದ ಸ್ವಾಗತ ಅಂದರೆ ಜನ ಬಿಟ್ಟಾರೆಯೇ? ಬರುತ್ತಾರೆ. ಹಕ್ಕಿಗಾಗಿ, ಮರಕ್ಕಾಗಿ, ನಕ್ಷತ್ರಕ್ಕಾಗಿ ಬರುವವರು ಕಡಿಮೆ. ಮಂಡಿನೋವಿಗೆ ನಡೆಯಬೇಕು ಅಂತ ಡಾಕ್ಟರು ಹೇಳಿದ್ದಕ್ಕೆ ಬರುತ್ತಾರೆ, ಮನೆಯಲ್ಲಿ ಸೀರಿಯಲ್ ಹೊತ್ತು ಅಂತ ಬರುತ್ತಾರೆ, ಆಮೇಲೆ ದೋಸೆಗೆ ಹೋಗುವುದಿದೆ ಅಂತ ಬರುತ್ತಾರೆ. ಅದಕ್ಕೆ ಕೆಲವು ಶುದ್ಧಾಚಾರಿಗಳು ಮೂಗು ಮುರಿಯುತ್ತಾರೆ. ನನ್ನ ವಾದ ಅವರಿಗೆ ತದ್ವಿರುದ್ಧ. ಜ್ಞಾನದ ಮನೆಗೆ ಮುಂಬಾಗಿಲಿಂದಲೇ ಬನ್ನಿ ಅಂದರೆ ಯಾರೂ ಬರುವುದಿಲ್ಲ. ಹಿತ್ತಲ ಬಾಗಿಲು ತೆರೆದಿಟ್ಟಿದ್ದಕ್ಕೇ ಈ ಊರು ಒಂದಿಷ್ಟು ಕಲಿತದ್ದು.

ಮೊದಲು ಉಪನ್ಯಾಸದ ವಿಚಾರ ಮುಗಿಸೋಣ. 1945ರಲ್ಲಿ ಬಸವನಗುಡಿಗೆ ಅದೇನು ಗಾಳಿ ಬೀಸಿತ್ತೋ, ಒಂದೇ ವರ್ಷ ಎರಡು ಸಂಸ್ಥೆ ಹುಟ್ಟಿಕೊಂಡವು. ಡಿವಿಜಿಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಒಂದು, ಬಿ.ಪಿ. ವಾಡಿಯಾ ಅವರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇನ್ನೊಂದು. ಇಲ್ಲಿಂದ ಅಲ್ಲಿಗೆ ನಡೆದೇ ಹೋಗಬಹುದು. ಒಂದರಲ್ಲಿ ಭಾಷಣ ಸಪ್ಪೆಯಾದರೆ ಇನ್ನೊಂದಕ್ಕೆ ಎದ್ದು ಹೋಗುವ ಅನುಕೂಲ ಜಗತ್ತಿನ ಎಷ್ಟು ಬಡಾವಣೆಗಳಿಗಿದೆ ಹೇಳಿ. ಡಿವಿಜಿಯವರು ಗೀತೆಯ ಬಗ್ಗೆ ಹೇಳಿದ ಪಾಠಗಳು ಆಮೇಲೆ ‘ಜೀವನಧರ್ಮಯೋಗ’ ಎಂಬ ಪುಸ್ತಕವಾಗಿ, 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅದನ್ನು ಬಾಯಿಂದಲೇ ಕೇಳಿದವರು ಕಾಸು ಬಿಚ್ಚಲಿಲ್ಲ, ನಮ್ಮಂಥ ತಡವಾಗಿ ಹುಟ್ಟಿದವರು ಪುಸ್ತಕಕ್ಕೆ ದುಡ್ಡು ತೆತ್ತೆವು. ಹೊಟ್ಟೆಕಿಚ್ಚು ಅಂದರೆ ಇದು.

ಇನ್ನು 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಎಚ್ಚೆನ್ ಅಂದರೆ ಗೊತ್ತಲ್ಲ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅಮೆರಿಕದ ಓಹಾಯೋಗೆ ಹೋಗಿ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ತಂದರು, ತಂದವರು ಖಾದಿ ಉಟ್ಟು, ಟೋಪಿ ಹಾಕಿಕೊಂಡು ಕಾಲೇಜು ಹಾಸ್ಟೆಲಿನ ಕೋಣೆಯಲ್ಲೇ ಉಳಿದುಬಿಟ್ಟರು. ಮದುವೆಯಿಲ್ಲ, ಮನೆಯಿಲ್ಲ. ವಾರಕ್ಕೊಂದು ವಿಜ್ಞಾನ ಭಾಷಣ ಮಾತ್ರ ತಪ್ಪಬಾರದು. ಬುಧವಾರ ಸಂಜೆ ಅಂದರೆ ಸೈನ್ಸ್ ಫೋರಂ ಅನ್ನುವುದು ನಮ್ಮ ಹಿರಿಯರಿಗೆ ಶನಿವಾರ ಹನುಮಂತರಾಯನ ಗುಡಿ ಅಂದಷ್ಟೇ ಖಾಯಂ ಆಗಿಹೋಯಿತು. ಜುಲೈ ತಿಂಗಳಲ್ಲಂತೂ ವಿಜ್ಞಾನದ ಉತ್ಸವವೇ. ಹನುಮಂತರಾಯನಿಗೂ ಇವರಿಗೂ ಒಂದೇ ವ್ಯತ್ಯಾಸ. ಅಲ್ಲಿ ಪ್ರಶ್ನೆ ಕೇಳಬಾರದು, ಇಲ್ಲಿ ಕೇಳದಿದ್ದರೆ ಎಚ್ಚೆನ್‌ಗೆ ಸಮಾಧಾನವಿರುತ್ತಿರಲಿಲ್ಲ.

ಆದರೆ ಸ್ವಾಮೀ, ಪ್ರಶ್ನೆ ಕೇಳಿ ಅಂದರೆ ನಮ್ಮವರು ಏನು ಮಾಡುತ್ತಾರೆ ಗೊತ್ತೇ? ಮೈಕು ಹಿಡಿದು ಗಂಟಲು ಸರಿಮಾಡಿಕೊಂಡು, “ನನ್ನದು ಪ್ರಶ್ನೆಯಲ್ಲ, ಒಂದು ಸಣ್ಣ ಸ್ಪಷ್ಟೀಕರಣ” ಅನ್ನುತ್ತಾರೆ. ಯಾವ ಊರಲ್ಲೇ ಆಗಲಿ, ಯಾವ ಸಭೆಯಲ್ಲೇ ಆಗಲಿ, ಈ ವಾಕ್ಯ ಕಿವಿಗೆ ಬಿದ್ದರೆ ಚಪ್ಪಲಿ ಹುಡುಕಿಕೊಳ್ಳುವುದು ಕ್ಷೇಮ. ಸ್ಪಷ್ಟೀಕರಣ ಅವರು ಕೆಲಸಕ್ಕೆ ಸೇರಿದ ವರ್ಷದಿಂದ ಶುರುವಾಗುತ್ತದೆ. ನಿವೃತ್ತಿಯ ದಿನ ಹಾಕಿದ ಹಾರದವರೆಗೆ ಬಂದು, ಅಲ್ಲಿಂದ ಮಗಳು ಇರುವ ನ್ಯೂಜೆರ್ಸಿಗೆ ಹೋಗಿ, ಅಲ್ಲಿನ ಆಕಾಶದಲ್ಲಿ ನಕ್ಷತ್ರ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವಲ್ಲಿ ಭಾಷಣದ ವಿಷಯಕ್ಕೆ ಒಂದು ಕ್ಷಣ ತಗುಲಿ ಮತ್ತೆ ದೂರ ಸರಿಯುತ್ತದೆ. ಅಧ್ಯಕ್ಷರು ಗಡಿಯಾರ ನೋಡುತ್ತಾರೆ, ಕೆಮ್ಮುತ್ತಾರೆ, ನೀರು ಕುಡಿಯುತ್ತಾರೆ. ಸ್ಪಷ್ಟೀಕರಣ ನಿಲ್ಲುವುದಿಲ್ಲ.

ಇನ್ನೊಬ್ಬರಿದ್ದಾರೆ. ವಿಷಯ ಯಾವುದಾದರೂ ಇರಲಿ, “ಇದೆಲ್ಲ ನಮ್ಮ ಹಿಂದಿನವರು ಆಗಲೇ ಹೇಳಿಬಿಟ್ಟಿದ್ದಾರಲ್ಲವೇ?” ಅಂತ ಎದ್ದು ನಿಲ್ಲುವವರು. ಒಬ್ಬ ಭಾಷಣಕಾರರು ಬಹಳ ವಿನಯದಿಂದ, “ಹೇಳಿರಬಹುದು ಸಾರ್. ಎಲ್ಲಿ ಹೇಳಿದ್ದಾರೆ ಅಂತ ಮುಂದಿನ ವಾರ ತಾವೇ ಬಂದು ನಮಗೆಲ್ಲ ತಿಳಿಸಿಕೊಡಬೇಕು” ಅಂದರು. ಮುಂದಿನ ವಾರ ಆ ಸಾರ್ ಜ್ವರ ಅಂತ ಮಲಗಿದರು. ಅದರ ಮುಂದಿನ ವಾರ ಬಂದರು, ಬಂದವರು ಕಂಬದ ಹಿಂದೆ ಕೂತರು.

ನಿದ್ದೆ ಮಾಡುವವರನ್ನು ನಾನು ಹಳಿಯುವುದಿಲ್ಲ. ರಾತ್ರಿ ಮನೆಯಲ್ಲಿ ಬಾರದ ನಿದ್ದೆ ಕಪ್ಪುಕುಳಿಯ ಗಣಿತದ ನಡುವೆ ಬರುತ್ತದೆ ಅಂದರೆ ಅದೂ ಒಂದು ಸಾರ್ವಜನಿಕ ಸೇವೆಯೇ. ಅಂಥ ಒಂದು ಸಂಜೆ, ಶಿವಮೊಗ್ಗದ ಕಡೆಯ ಒಬ್ಬ ವಿಜ್ಞಾನಿ ಇಂಗ್ಲಿಷಿನಲ್ಲಿ ಶುರುಮಾಡಿ, ಹಿಂದಿನಿಂದ “ಕನ್ನಡ, ಕನ್ನಡ” ಅಂತ ಕೂಗು ಬಿದ್ದಮೇಲೆ, “ಈ ಸ್ಟಾರ್ ಇದೆಯಲ್ಲ, ಅದು ಕೊಲ್ಯಾಪ್ಸ್ ಆಗುತ್ತೆ” ಎಂಬ ಕನ್ನಡಕ್ಕೆ ಇಳಿದಿದ್ದರು. ಕೊನೆಯಲ್ಲಿ ಸ್ಕೂಲ್ ಬ್ಯಾಗು ತೊಡೆಯ ಮೇಲಿಟ್ಟುಕೊಂಡಿದ್ದ ಹುಡುಗನೊಬ್ಬ ಎದ್ದು ಕೇಳಿದ: “ಒಳಗೆ ಬಿದ್ದದ್ದು ಏನೂ ಆಚೆಗೆ ಬರಲ್ಲ ಅಂದ್ರಲ್ಲ ಸಾರ್, ಮತ್ತೆ ಒಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?” ವಿಜ್ಞಾನಿಗಳು ಕನ್ನಡಕ ತೆಗೆದರು, ಒರೆಸಿದರು, “ಗೊತ್ತಿಲ್ಲ ಮರಿ” ಅಂದರು. ಸಭೆ ಚಪ್ಪಾಳೆ ತಟ್ಟಿತು. ಆ ಸದ್ದಿಗೆ ಎಚ್ಚರಗೊಂಡ ಹಿರಿಯರು ವಂದನಾರ್ಪಣೆ ಮುಗಿಯಿತು ಅಂದುಕೊಂಡು ಎದ್ದು, ಕೊಡೆ ತೆಗೆದುಕೊಂಡು, ಪಕ್ಕದವರಿಗೆ “ಬಹಳ ಚೆನ್ನಾಗಿ ಮಾತಾಡಿದರು” ಅಂತ ಹೇಳಿ ಹೊರಟೇಹೋದರು.

ಭಾಷಣ ಅಂದರೆ ಸರ್ ಸಿ.ವಿ. ರಾಮನ್ ಅವರನ್ನು ಬಿಡುವಂತಿಲ್ಲ. ತಾವು ಕಟ್ಟಿದ ಸಂಸ್ಥೆಯಲ್ಲಿ ಅಕ್ಟೋಬರ್ 2ರಂದು ಗಾಂಧಿ ಸ್ಮಾರಕ ಉಪನ್ಯಾಸ ಅಂತ ಇಟ್ಟುಕೊಂಡು ಅದನ್ನು ತಾವೇ ಮಾಡುತ್ತಿದ್ದರು. 1970ರ ಅಕ್ಟೋಬರಿನಲ್ಲಿ ಮಾಡಿದ್ದು ಕೊನೆಯದು, ಮುಂದಿನ ತಿಂಗಳು ತೀರಿಕೊಂಡರು. 81 ವರ್ಷದ ಆ ಮನುಷ್ಯ ಅವತ್ತು ಮಾತಾಡಿದ್ದು ಯಾವುದರ ಬಗ್ಗೆ ಅಂತೀರಿ? ಕಿವಿಯ ಬಗ್ಗೆ. ಕಿವಿಗೆ ಸದ್ದು ಕೇಳಿಸುವುದು ಹೇಗೆ ಅನ್ನುವುದರ ಬಗ್ಗೆ. ಜೀವಮಾನವಿಡೀ ಸಭೆಗಳಿಗೆ ಮಾತು ಕೇಳಿಸಿದವರು ಕಡೆಗೆ ಕೇಳುಗರ ಕಿವಿಗೇ ಕೈ ಹಾಕಿದರು. ಕೇಳಿದವರಲ್ಲಿ ಎಷ್ಟು ಜನಕ್ಕೆ ಕೇಳಿಸಿತೋ ನಾನರಿಯೆ.

ಧಾರವಾಡದವರು ಇಷ್ಟು ಹೊತ್ತಿಗೆ “ನಮ್ಮಲ್ಲಿ 1890ರಿಂದ ವಿದ್ಯಾವರ್ಧಕ ಸಂಘ ಐತ್ರೀ” ಅಂತ ತೋಳೇರಿಸಿರುತ್ತಾರೆ. ಗೊತ್ತು. ಧಾರವಾಡದ ಭಾಷಣಗಳಿಗೆ ಬೇರೆಯೇ ಹರಟೆ ಬೇಕು, ಪೇಡೆಗೂ ಅದರಲ್ಲಿ ಪಾಲು ಕೊಡಬೇಕಾಗುತ್ತದೆ. ಮೈಸೂರಿನವರು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕುವೆಂಪು ನಡೆಯುತ್ತಿದ್ದ ವಿಷಯ ಎತ್ತುವ ಮುಂಚೆಯೇ ನಾನು ಲಾಲ್‌ಬಾಗಿಗೆ ಹೊರಟುಬಿಡುತ್ತೇನೆ.

ಭಾಷಣದಲ್ಲಿ ತೂಕಡಿಸಬಹುದು, ನೇಚರ್ ವಾಕಿನಲ್ಲಿ ಆ ಸೌಲಭ್ಯವಿಲ್ಲ. ಅದೊಂದು ಕೊರತೆ ಬಿಟ್ಟರೆ ಇದೇ ಮೇಲು. ಬೆಂಗಳೂರಿನ ಹಕ್ಕಿ ನೋಡುವವರ ಕ್ಲಬ್ಬಿನವರು 1970ರ ದಶಕದಿಂದ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುತ್ತಾ ಬಂದಿದ್ದಾರೆ. ಅವರನ್ನು ನೋಡಿ ಮರದವರು ಬಂದರು, ಚಿಟ್ಟೆಯವರು ಬಂದರು, ಜೇಡದವರು ಬಂದರು, ಕೆರೆಗೊಂದು ಗುಂಪು ಹುಟ್ಟಿಕೊಂಡಿತು. ರಾತ್ರಿ ಟಾರ್ಚು ಹಿಡಿದು ಕಾಡುಪಾಪ ಹುಡುಕುವವರೂ ಇದ್ದಾರೆ. ಇವರೆಲ್ಲ ವಾರವಿಡೀ ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸಿ, ಭಾನುವಾರ ಬೆಳಗಾಗುವ ಮುಂಚೆ ಎದ್ದು, ಗುರುತಿಲ್ಲದ ಮೂವತ್ತು ನಲವತ್ತು ಜನಕ್ಕೆ ಗಂಟಲು ಹರಿಯುವಂತೆ ಪಾಠ ಹೇಳಿ, ಒಂದು ಪೈಸೆ ಮುಟ್ಟದೆ ಮನೆಗೆ ಹೋಗುವವರು. ಅವರ ಹೆಂಡತಿ, ಗಂಡಂದಿರನ್ನು ಕೇಳಿದರೆ ಈ ಪರೋಪಕಾರದ ಇನ್ನೊಂದು ಮುಖ ತಿಳಿಯುತ್ತದೆ, ಆ ಗೊಡವೆ ನಮಗೆ ಬೇಡ.

ನೇಚರ್ ವಾಕ್ ಅನ್ನುವ ಹೆಸರನ್ನು ನಂಬಿ ವಾಕಿಂಗ್ ಶೂ ಹಾಕಿಕೊಂಡು ಬಂದವರ ಪಾಡು ಮಾತ್ರ ಬೇಡ. ಅಲ್ಲಿ ನಡೆಯುವುದೇ ಇಲ್ಲ. ಗಾಜಿನ ಮನೆಯ ಹತ್ತಿರ ಸೇರಿದ ಗುಂಪು ಒಂದು ಗಂಟೆಯ ನಂತರವೂ ಗಾಜಿನ ಮನೆಯ ಹತ್ತಿರವೇ ಇರುತ್ತದೆ. ತೊಗಟೆಯ ಬಿರುಕಿನಲ್ಲಿ ಯಾವುದೋ ಜೇಡ ಸಿಕ್ಕಿರುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅಂತ ಶಪಥ ಮಾಡಿದ ಗೃಹಸ್ಥರೊಬ್ಬರು ಅಲ್ಲೇ ನಿಂತಲ್ಲಿ ಕಾಲು ಎತ್ತಿ ಇಡುತ್ತಿದ್ದರು. ಅವರ ಕೈಗಡಿಯಾರ ನಡುನಡುವೆ ಗುರ್‍ರೆಂದು ನಡುಗಿ, ಬಹಳ ಹೊತ್ತಿನಿಂದ ಕೂತಿದ್ದೀರಿ, ಸ್ವಲ್ಪ ಎದ್ದು ಓಡಾಡಿ ಅಂತ ಬುದ್ಧಿ ಹೇಳುತ್ತಿತ್ತು.

ಅಷ್ಟರಲ್ಲಿ ಹುಲ್ಲಿನ ಮೇಲೆ ಹರಟೆಮಲ್ಲಗಳ ತಂಡವೊಂದು ಇಳಿಯಿತು. ಮಣ್ಣಿನ ಬಣ್ಣದ, ಅಂದಚೆಂದವಿಲ್ಲದ ಹಕ್ಕಿ. ಏಳೆಂಟು ಸೇರಿ ತರಗೆಲೆ ಕೆದಕುತ್ತಾ, ಒಂದರ ಮಾತು ಇನ್ನೊಂದು ಕೇಳದೆ, ಎಲ್ಲವೂ ಒಟ್ಟಿಗೇ ಕೂಗಾಡುತ್ತಾ ಹತ್ತು ಅಡಿ ಮುಂದೆ ಹೋಗುವುದು, ಮತ್ತೆ ನಿಲ್ಲುವುದು. ವಾಕ್ ನಡೆಸುತ್ತಿದ್ದ ಹುಡುಗ ಹೇಳಿದ: “ಇವು ಒಂಟಿಯಾಗಿರೋದು ಅಪರೂಪ. ಮರಿಗಳನ್ನ ನೆಂಟರಿಷ್ಟರೆಲ್ಲ ಸೇರಿ ಸಾಕ್ತವೆ. ಉಳಿದವು ಮೇಯುವಾಗ ಒಂದು ಮಾತ್ರ ಎತ್ತರದಲ್ಲಿ ಕಾವಲು ಕೂತಿರುತ್ತೆ, ಗಿಡುಗ ಬಂದರೆ ಕೂಗುತ್ತೆ.” ಒಂದು ನಿಮಿಷ ಆ ಗುಂಪು ಈ ಗುಂಪನ್ನು ನೋಡಿತು, ಈ ಗುಂಪು ಆ ಗುಂಪನ್ನು ನೋಡಿತು. ಕುಲಬಾಂಧವರು ಗುರುತು ಹಿಡಿದ ಹಾಗಿತ್ತು. ನಮ್ಮಲ್ಲಿ ಕಾವಲಿಗೆ ಕೂತವರು ಮಾತ್ರ ಇರಲಿಲ್ಲ.

ಗುಂಪಿನಲ್ಲಿ ಕ್ಯಾಮೆರಾದವರದು ಬೇರೆ ಜಾತಿ. ಮೊಣಕೈಯುದ್ದದ ಲೆನ್ಸು, ಕಾಡಿನ ಬಣ್ಣದ ಅಂಗಿ, ಹದಿನಾಲ್ಕು ಜೇಬಿನ ಪ್ಯಾಂಟು. ಇವರಿಗೆ ಮಡಿವಾಳ, ಪಿಕಳಾರ, ಕೆಂಬೂತ ಇವೆಲ್ಲ ಕಣ್ಣಿಗೇ ಬೀಳುವುದಿಲ್ಲ. ಚಳಿಗಾಲಕ್ಕೆ ಮುಂಚೆ ಉತ್ತರದಿಂದ ಬರುವ ನವರಂಗ ಬೇಕು, ಅದೂ ಹತ್ತಿರದಲ್ಲಿ ಬೇಕು, ಹಿಂದೆ ಹಸಿರು ಮಬ್ಬಾಗಿರಬೇಕು. ಒಂದು ಅಕ್ಟೋಬರಿನಲ್ಲಿ ನವರಂಗ ಬಂದಿದೆಯಂತೆ ಅಂತ ಸುದ್ದಿ ಹಬ್ಬಿ ಬಿದಿರು ಮೆಳೆಯೊಂದರ ಮುಂದೆ ಲೆನ್ಸುಗಳ ಸಂತೆಯೇ ನೆರೆದಿತ್ತು. ಹಿಮಾಲಯದ ತಪ್ಪಲಿನಲ್ಲೋ ಮಧ್ಯಭಾರತದಲ್ಲೋ ಮರಿ ಮಾಡಿ, ರಾತ್ರಿ ಹೊತ್ತು ಹಾರಿ ಇಷ್ಟು ದೂರ ಬಂದ ಅಂಗೈಯಗಲದ ಹಕ್ಕಿ ಅದು. ನೆಲದ ಮೇಲೆ ಎಲೆ ಮಗುಚಿ ಹುಳು ಹೆಕ್ಕುವುದು ಅದರ ಕಸುಬು. ಯಾರೂ ಉಸಿರಾಡದೆ ಮೆಳೆಯ ಕಡೆಗೇ ಗುರಿಯಿಟ್ಟು ನಿಂತಿದ್ದರೆ, ಹಿಂದೆ ಕಲ್ಲುಬೆಂಚಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರು, “ಏನಪ್ಪಾ, ಹೊಟ್ಟೆ ಕೆಳಗೆ ಕೆಂಪು, ರೆಕ್ಕೆ ಮೇಲೆ ನೀಲಿ ಇರೋ ಹಕ್ಕೀನಾ? ಅದು ಆಗಿಂದ ನನ್ನ ಚೀಲದ ಹತ್ರಾನೇ ಓಡಾಡ್ತಿದೆಯಲ್ಲ” ಅಂದರು. ನಲವತ್ತು ಲೆನ್ಸು ಒಟ್ಟಿಗೆ ತಿರುಗಿದ ಸದ್ದಿಗೆ ಹಕ್ಕಿ ಪರಾರಿ.

ಈ ಅಜ್ಜಿಯೇ ನನ್ನ ಹರಟೆಯ ನಾಯಕಿ. ನೇಚರ್ ವಾಕಿಗೆ ಬರುವ ಪಂಡಿತರೆಲ್ಲ ಬೆನ್ನ ಹಿಂದೆ ನಗುವುದು ಇವರಂಥವರನ್ನು ನೋಡಿಯೇ. ಹುಡುಗ ಯಾವ ಮರದ ಮುಂದೆ ನಿಂತು ಲ್ಯಾಟಿನ್ ಹೆಸರು ಹೇಳಲಿ, ಅದು ಯಾವ ಖಂಡದಿಂದ ಬಂತು ಅಂತ ವಿವರಿಸಲಿ, ಅಜ್ಜಿ ತಾಳ್ಮೆಯಿಂದ ಪೂರ್ತಿ ಕೇಳಿ, ಸೆರಗು ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳುತ್ತಾರೆ: “ಅಲ್ಲಪ್ಪಾ, ಇದನ್ನ ತಿನ್ನಬಹುದಾ?” ತಿನ್ನಬಾರದು ಅಂದರೆ, “ಹೋಗಲಿ, ಸಕ್ಕರೆ ಕಾಯಿಲೆಗೆ ಆಗುತ್ತಾ?” ಅದಕ್ಕೂ ಆಗುವುದಿಲ್ಲ ಅಂದರೆ, “ಮತ್ತೆ ಯಾಕೆ ಬೆಳೆಸಿದ್ದಾರೆ?” ಹುಡುಗಿಯರು ಕಿಸಕ್ ಅನ್ನುತ್ತಾರೆ. ನೋಟ್‌ಬುಕ್ಕಿನವರು ಹುಬ್ಬು ಗಂಟು ಹಾಕುತ್ತಾರೆ.

ನಗುವವರು ಲಾಲ್‌ಬಾಗಿನ ಚರಿತ್ರೆ ಓದಿಲ್ಲ, ಅಷ್ಟೇ. 1760ರಲ್ಲಿ ಹೈದರಾಲಿ ಇದನ್ನು ಶುರುಮಾಡಿದ್ದು ಶಿರಾದ ಮೊಗಲ್ ತೋಟ ನೋಡಿ ಆಸೆಪಟ್ಟು ಅನ್ನುವುದು ನಿಜ. ಆಮೇಲೆ ಟಿಪ್ಪು ಪರದೇಶಗಳಿಂದ ಬೀಜ, ಸಸಿ ತರಿಸಿದ. ಬ್ರಿಟಿಷರು ಬಂದರು, 1856ರಲ್ಲಿ ಸರ್ಕಾರಿ ಸಸ್ಯತೋಟ ಅಂತ ಬೋರ್ಡು ಹಾಕಿದರು. 1874ರಲ್ಲಿ ತೋಟ ನೋಡಿಕೊಳ್ಳಲು ಜಾನ್ ಕ್ಯಾಮೆರಾನ್ ಬಂದ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೂ, 1889ರಲ್ಲಿ, ಇವನ ಕಾಲದಲ್ಲೇ. ಇವರೆಲ್ಲ ಹಡಗಿನಲ್ಲಿ ಬಂದ ಹೊಸ ಗಿಡದ ಮುಂದೆ ನಿಂತು ಕೇಳಿದ ಪ್ರಶ್ನೆ ಯಾವುದು? ತಿನ್ನಬಹುದಾ, ಮಾರಬಹುದಾ, ಔಷಧಿಗೆ ಆಗುತ್ತಾ, ಮರಮುಟ್ಟಿಗೆ ಆಗುತ್ತಾ. ಅಜ್ಜಿಯ ಪ್ರಶ್ನೆಯನ್ನೇ ಸಂಬಳ ತೆಗೆದುಕೊಂಡು ಕೇಳಿದರು. ತಿನ್ನಬಹುದು ಅಂತ ಗೊತ್ತಾದದ್ದು ಸಂತೆಗೆ ಹೋಯಿತು. ಸೀಮೆಬದನೆಯನ್ನೇ ತೆಗೆದುಕೊಳ್ಳಿ. ಮೆಕ್ಸಿಕೋ ಕಡೆಯ ಬಳ್ಳಿ, ಕ್ಯಾಮೆರಾನ್ ಕಾಲದಲ್ಲಿ ಲಾಲ್‌ಬಾಗಿನ ಮೂಲಕ ನಮ್ಮ ಹಿತ್ತಲು ಸೇರಿತು. ಇವತ್ತು ತಮಿಳರ ಬಾಯಲ್ಲೂ ತೆಲುಗರ ಬಾಯಲ್ಲೂ ಅದು ಬೆಂಗಳೂರು ಬದನೆಕಾಯಿ. ಕೂಟಿಗೆ ಹಾಕಿದರೆ ಕರಗಿಹೋಗಿ ಹಾಕಿದ್ದೇ ಗೊತ್ತಾಗದ ಆ ಸಪ್ಪೆ ತರಕಾರಿಗೆ ನಮ್ಮೂರಿನ ಹೆಸರು ಬಂತಲ್ಲ ಅಂತ ನನಗೆ ಸ್ವಲ್ಪ ಬೇಸರವಿದೆ. ಅದಿರಲಿ.

ಕ್ಯಾಮೆರಾನ್ ನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗೆಲ್ ಸಾಹೇಬರು ಮಾತ್ರ ತಿನ್ನುವ ಮಾತಿನ ಜೊತೆಗೆ ನೋಡುವ ಮಾತನ್ನೂ ಸೇರಿಸಿದರು. ಬೀದಿಯ ಒಂದು ಜಾತಿ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಶುರುಮಾಡಬೇಕು, ವರ್ಷವಿಡೀ ಊರಿಗೆ ಹೂವಿರಬೇಕು ಅನ್ನುವುದು ಅವರ ಲೆಕ್ಕ. ಅವರ ಹೆಸರಿನ ಸಭಾಂಗಣವೊಂದು ಲಾಲ್‌ಬಾಗಿನೊಳಗೇ ಇತ್ತು, ಒಂದು ಕಾಲಕ್ಕೆ ತೋಟಗಾರಿಕೆಯ ಭಾಷಣಗಳು ನಡೆಯುತ್ತಿದ್ದ ಕಟ್ಟಡ. 2017ರ ಮಳೆಗೆ ಕುಸಿಯಿತು, ಆಮೇಲೆ ಹೊಸದಾಗಿ ಕಟ್ಟಿದರು. ಅಂದರೆ ಮೊದಲು ಭಾಷಣ, ಆಮೇಲೆ ತೋಟ ಸುತ್ತುವುದು, ಕೊನೆಗೆ ತರಕಾರಿ, ಎಲ್ಲ ಒಂದೇ ಬೇಲಿಯೊಳಗೆ ಇತ್ತು. ನಾವೀಗ ಅದನ್ನು ಮೂರು ಕಡೆ ಹಂಚಿಕೊಂಡು ಆಟೋ ಚಾರ್ಜು ಕೊಡುತ್ತಿದ್ದೇವೆ.

ಅಜ್ಜಿಯ ಪ್ರಶ್ನೆಗೆ ಒಮ್ಮೆ ಹೌದು ಅನ್ನುವ ಉತ್ತರ ಸಿಕ್ಕಿತು. ಅತ್ತಿ ಮರ. ಕಾಂಡಕ್ಕೇ ಗೊಂಚಲು ಗೊಂಚಲು ಕಾಯಿ ಅಂಟಿಕೊಂಡಿತ್ತು. “ಇದು ನನಗೆ ಗೊತ್ತು, ತಿನ್ನಬಹುದು. ಆದರೆ ಬಿಚ್ಚಿ ನೋಡಬಾರದು, ಒಳಗೆಲ್ಲ ಹುಳ” ಅಂದರು ಅಜ್ಜಿ. ಹುಡುಗ ಬಿಡಲಿಲ್ಲ. ನೆಲಕ್ಕೆ ಬಿದ್ದಿದ್ದ ಒಂದನ್ನು ತೆಗೆದು, ಉಗುರಿನಿಂದ ಎರಡು ಹೋಳು ಮಾಡಿ ಅಂಗೈ ಮೇಲಿಟ್ಟ. “ಇದು ಹಣ್ಣಲ್ಲ ಅಮ್ಮಾ, ಹೂವಿನ ಬುಟ್ಟಿ. ಅತ್ತಿ ಹೂವು ಯಾರೂ ಕಂಡಿಲ್ಲ ಅಂತಾರಲ್ಲ, ನೋಡಿ, ನೂರಾರಿವೆ, ಎಲ್ಲ ಒಳಮುಖ.” ಎಲ್ಲರ ತಲೆಗಳೂ ಆ ಅಂಗೈ ಮೇಲೆ ಬಾಗಿದವು. ಗುಲಾಬಿ ಎಳೆಗಳ ನಡುವೆ ಎರಡು ಮಿಲಿಮೀಟರಿನ ಕಣಜಗಳು ತೆವಳುತ್ತಿದ್ದವು. ತುದಿಯ ತೂತು ತೋರಿಸಿದ. ಹೆಣ್ಣು ಕಣಜ ಅದರೊಳಗೆ ನುಗ್ಗುವಾಗ ರೆಕ್ಕೆ ಹರಿದುಹೋಗುತ್ತದಂತೆ. ಮೈಗೆ ಅಂಟಿಸಿಕೊಂಡು ತಂದ ಪರಾಗವನ್ನು ಹೂಗಳಿಗೆ ತಾಗಿಸಿ, ಕೆಲವು ಹೂವಿನಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆಯೇ ಇಲ್ಲ. ಹೆಣ್ಣನ್ನು ಕೂಡುವುದು, ಅದು ಹೊರಗೆ ಹೋಗುವುದಕ್ಕೆ ಸುರಂಗ ಕೊರೆಯುವುದು, ಅಷ್ಟಕ್ಕೇ ಅದರ ಆಯುಷ್ಯ ಮುಗಿಯಿತು. ಹೆಣ್ಣು ಪರಾಗ ಹೊತ್ತು ಇನ್ನೊಂದು ಅತ್ತಿ ಮರ ಹುಡುಕಿಕೊಂಡು ಹಾರುತ್ತದೆ. ಈ ಕಣಜ ಇಲ್ಲದಿದ್ದರೆ ಅತ್ತಿ ಬೀಜ ಕಟ್ಟುವುದಿಲ್ಲ, ಅತ್ತಿ ಇಲ್ಲದಿದ್ದರೆ ಕಣಜಕ್ಕೆ ಬೇರೆ ಮನೆಯಿಲ್ಲ.

ಅಷ್ಟು ಹೊತ್ತಿಗೆ ಹೆಜ್ಜೆ ಎಣಿಸುವವರು ಕಾಲಾಡಿಸುವುದನ್ನು ಮರೆತಿದ್ದರು. ಲೆನ್ಸಿನವರು ಕ್ಯಾಮೆರಾ ಬೆನ್ನಿಗೆ ಹಾಕಿಕೊಂಡು ಬರಿಗಣ್ಣಿನಲ್ಲಿ ನೋಡುತ್ತಿದ್ದರು. ಅಜ್ಜಿ ಕೇಳಿದರು: “ಹಾಗಾದರೆ ಗಂಡು ಹುಳ ಹೊರಗೇ ಬರಲ್ವಾ? ಹುಟ್ಟಿದ ಮನೇಲೇ ಕೂತು ಸಾಯುತ್ತಾ?” ಹೆಚ್ಚುಕಮ್ಮಿ ಹಾಗೇ ಅಂದ ಹುಡುಗ. ಅಜ್ಜಿ ಪಕ್ಕದಲ್ಲಿ ಪೇಪರ್ ಮಡಿಚಿ 

ಹಿಡಿದು ನಿಂತಿದ್ದ ಯಜಮಾನರ ಕಡೆ ಒಮ್ಮೆ ನೋಡಿ, “ನಮ್ಮನೇಲೂ ಒಂದಿದೆ” ಅಂದರು.

ಲಾಲ್‌ಬಾಗಿನ ಬಂಡೆ ಹತ್ತುವ ಹೊತ್ತಿಗೆ ಬಿಸಿಲೇರಿರುತ್ತದೆ, ಅಲ್ಲಿ ಯಾರಿಗೂ ಗಮನವಿರುವುದಿಲ್ಲ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ, ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಕಲ್ಲಿನಲ್ಲೇ ಬರೆದಿಟ್ಟಿದ್ದಾರೆ. ಅದರ ಮೇಲೆ ಕೂತು ಜನ ಯೋಗ ಮಾಡುತ್ತಾರೆ, ಸೈಟಿನ ರೇಟು ಮಾತಾಡುತ್ತಾರೆ. “ಆಗ ಕೆಂಪೇಗೌಡರ ಗೋಪುರ ಇತ್ತಾ?” ಅಂತ ಯಾರೋ ಕೇಳಿದರು. ತಮಾಷೆಗೆ ಕೇಳಿದ್ದೋ ನಿಜಕ್ಕೋ, ಹುಡುಗನ ಮುಖದಲ್ಲೂ ಉತ್ತರವಿರಲಿಲ್ಲ.

ಇಳಿಯುವಾಗ ಸ್ವದೇಶಿ-ವಿದೇಶಿ ಜಗಳ ಕಡ್ಡಾಯ. ಮಳೆಮರ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು ಅಂತ ಹುಡುಗ ಹೇಳಿದ್ದೇ ತಡ, ಒಬ್ಬರಿಗೆ ದೇಶಾಭಿಮಾನ ಉಕ್ಕುತ್ತದೆ. ಎಲ್ಲ ಕಡಿದು ಹೊಂಗೆ, ಬೇವು, ಅರಳಿ ಹಾಕಬೇಕು ಅನ್ನುತ್ತಾರೆ. ಫೆಬ್ರುವರಿಯಲ್ಲಿ ಗುಲಾಬಿ ಟಬೂಬಿಯಾ ಕೆಳಗೆ ನಿಂತು ಜಪಾನಿನ ಚೆರ್‍ರಿ ಅಂತ ಫೋಟೊ ಹಾಕುವ ಹುಡುಗಿಯರಿಗೆ ಅದು ಜಪಾನಿನದಲ್ಲ, ಮಧ್ಯ ಅಮೆರಿಕದ ಕಡೆಯದು ಅಂದರೆ ಬೇಜಾರಾಗುತ್ತದೆ. ಹೊಂಗೆ ಹಾಕಿ ಸ್ವಾಮೀ, ಬೇಡ ಅಂದವರಾರು? ಅದರ ಎಲೆಯ ಮೇಲೆ ಗಂಟು ಗಂಟು ಏಳಿಸುವ ನುಸಿಯಿಂದ ಹಿಡಿದು ಹೂವಿಗೆ ಬರುವ ಜೇನಿನವರೆಗೆ ಅದೊಂದು ಛತ್ರವೇ. ಆದರೆ ಈ ದೇಶಾಭಿಮಾನಿಗಳು ವಾಕ್ ಮುಗಿದ ಮೇಲೆ ಎಂ.ಟಿ.ಆರ್. ಮುಂದೆ ಸಾಲು ನಿಂತು, ದಕ್ಷಿಣ ಅಮೆರಿಕದ ಆಲೂಗಡ್ಡೆಗೆ ಅಮೆರಿಕದ್ದೇ ಮೆಣಸಿನಕಾಯಿ ಹಾಕಿದ ಪಲ್ಯವನ್ನು ದೋಸೆಯೊಳಗಿಟ್ಟುಕೊಂಡು, ನಮ್ಮ ಸಂಸ್ಕೃತಿಯೇ ಸಂಸ್ಕೃತಿ ಅನ್ನುವಾಗ ನಾನು ಚಟ್ನಿ ಕಡೆ ಗಮನ ಕೊಡುತ್ತೇನೆ.

ಆ ಮೇಜಿನ ಮೇಲೇ ನಿಜವಾದ ಪಾಠ ನಡೆಯುವುದು. ಬೆಳಿಗ್ಗೆ ನೋಡಿದ್ದನ್ನೆಲ್ಲ ಅಲ್ಲಿ ಮತ್ತೆ ಒರೆಗೆ ಹಚ್ಚುತ್ತಾರೆ. ಕಂಡದ್ದು ಕುಟ್ರ ಹಕ್ಕಿಯೋ ಗಿಳಿಯೋ, ನೀರುಕಾಯಿ ಮರದ ಮೊಗ್ಗನ್ನು ಹಿಸುಕಿ ಪಿಚಕಾರಿ ಹೊಡೆಯುತ್ತಿದ್ದದ್ದು ಯಾವ ಸ್ಕೂಲಿನಲ್ಲಿ, ಮುಂದಿನ ಬುಧವಾರದ ಭಾಷಣಕ್ಕೆ ಯಾರು ಬರುತ್ತಾರೆ. ಹುಡುಗನ ತಟ್ಟೆಯ ಬಿಲ್ಲನ್ನು ತಾವೇ ಕೊಡುತ್ತೇವೆ ಅಂತ ನಾಲ್ಕು ಕೈ ಒಟ್ಟಿಗೆ ಏಳುತ್ತವೆ, ನಾಲ್ಕೂ ಜೇಬಿನ ಹತ್ತಿರ ಹೋಗಿ ನಿಧಾನ ಮಾಡುತ್ತವೆ, ಅಷ್ಟರಲ್ಲಿ ಹುಡುಗನೇ ಕೊಟ್ಟು ಬಂದಿರುತ್ತಾನೆ. ಅಜ್ಜಿ ಬಿಡುವವರಲ್ಲ. ಚೀಲದಿಂದ ಡಬ್ಬಿ ತೆಗೆದು, ಮನೆಯ ಕೋಡುಬಳೆಯನ್ನು ಕಾಗದದಲ್ಲಿ ಸುತ್ತಿ ಅವನ ಬ್ಯಾಗಿಗೆ ತುರುಕುತ್ತಾರೆ. “ಇದನ್ನ ಧಾರಾಳವಾಗಿ ತಿನ್ನಬಹುದು ಕಣಪ್ಪಾ, ಒಳಗೆ ಹುಳ ಇಲ್ಲ.”

ನಿಮಗೂ ಬರಬೇಕು ಅನ್ನಿಸಿದರೆ ಬನ್ನಿ, ಯಾರೂ ತಡೆಯುವುದಿಲ್ಲ. ಲಾಲ್‌ಬಾಗಿಗೆ ಬರುವಾಗ ಚಪ್ಪಲಿ ಸಾಕು, ಶೂ ದಂಡ. ಕಡುಕೆಂಪು ಅಂಗಿ ಹಾಕಿಕೊಂಡು ಬಂದರೆ ಲೆನ್ಸಿನವರು ಕೆಕ್ಕರಿಸಿ ನೋಡುತ್ತಾರೆ, ನೀವೂ ನೋಡಿ. ಬುಧವಾರದ ಭಾಷಣಕ್ಕಾದರೆ ಸ್ವಲ್ಪ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ಅದು ಯಾವಾಗಲೂ ಖಾಲಿ. ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ, ಕಂಬಕ್ಕೆ ಒರಗಿಕೊಂಡ ಹಾಗೆ ಇರುವ ಕುರ್ಚಿಯ ಮೇಲೆ ಕರ್ಚೀಫು ಹಾಕಿರುತ್ತದೆ. ಅದು ನನ್ನದು.